ಎಡಗೈ ಗಂಟು

ಕುಣಿಗಲ್ಲಿನಲ್ಲಿ ಹೊಸದಾಗಿ ಶುರುವಾಗಲಿದ್ದ ಒಂದು ಲಾಡ್ಜಿಗೆ ಹಾಸಿಗೆ ಹೊಲಿದುಕೊಡುವ ಕೆಲಸ ಆ ಬೇಸಿಗೆಯ ಮೊದಲಲ್ಲಿ ನಮಗೆ ಸಿಕ್ಕಿತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ತುಮಕೂರಿನ ನಮ್ಮ ಪಿಂಜಾರರ ಬೀದಿಯಲ್ಲಿ ಅಷ್ಟು ದೊಡ್ಡ ಕೆಲಸ ಅದಕ್ಕೆ ಮುಂಚೆ ಯಾರಿಗೂ ಬಂದಿರಲಿಲ್ಲ. ಒಪ್ಪಿಕೊಂಡು ಬಂದವನು ನನ್ನ ತಮ್ಮ. ಹತ್ತಿ ಹಿಂಜುವವನು, ತುಂಬುವವನು, ಹೊಲಿಯುವವನು ನಾನು. ನನಗೆ ಕಿವಿ ಕೇಳಿಸುವುದಿಲ್ಲ, ಕಣ್ಣೂ ಕಾಣಿಸುವುದಿಲ್ಲ. ಲಾಡ್ಜಿನ ಮಾಲೀಕರಿಗೆ ತಮ್ಮ ಅದನ್ನು ಹೇಳಿರಲಿಲ್ಲ. ಹೇಳಿದ್ದರೆ ಅವರು ಕೆಲಸ ಕೊಡುತ್ತಿರಲಿಲ್ಲ, ಇಲ್ಲವೇ ಕೊಟ್ಟು, ನನ್ನನ್ನು ನೋಡುವುದಕ್ಕೆ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬರುತ್ತಿದ್ದರು. ಎರಡೂ ನನಗೆ ಬೇಕಿರಲಿಲ್ಲ.

ಹತ್ತಿಯ ಕೆಲಸಕ್ಕೆ ಕಣ್ಣು ಬೇಕೇ ಬೇಕು ಅಂತೇನಿಲ್ಲ. ಜಂತೆಗೆ ತೂಗುಹಾಕಿದ ಬಿಲ್ಲಿನ ನರವನ್ನು ಹತ್ತಿಯ ರಾಶಿಯೊಳಗೆ ಇಳಿಸಿ, ಮರದ ಕೊಡತಿಯಿಂದ ಮೀಟಬೇಕು. ಮೀಟಿದ ಏಟು ಭುಜದಿಂದ ಇಳಿದು ಎದೆಯಲ್ಲಿ ನಡುಗುತ್ತದೆ. ಹತ್ತಿ ಒಣಗಿದ್ದರೆ ನಡುಕ ಚುರುಕು, ತೇವವಿದ್ದರೆ ಮಂಕು. ನನಗೆ ಉಳಿದಿರುವ ಸದ್ದು ಅದೊಂದೇ. ಅದಕ್ಕೇ ಇರಬೇಕು, ಹಿಂಜುವುದಕ್ಕೆ ಕೂತಾಗ ಊಟಕ್ಕೆ ಎಬ್ಬಿಸಿದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಹಿಂಜಿದ್ದನ್ನು ಗವಸಿಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಳದಿಂದ ದಾರವನ್ನು ಮೇಲಿಂದ ಕೆಳಕ್ಕೆ ಎಳೆದು ಗೇಣಿಗೊಂದು ಗಂಟು ಹಾಕಬೇಕು. ಅಪ್ಪ ಕಲಿಸಿದ ಗಂಟು ಬಲಕ್ಕೆ ಸುತ್ತುವಂಥದ್ದು. ನಾನು ಎಡಚ, ನನ್ನ ಗಂಟು ಎಡಕ್ಕೆ ಸುತ್ತಿಕೊಳ್ಳುತ್ತದೆ. ಬದುಕಿರುವವರೆಗೂ ಅಪ್ಪ ಬಯ್ದ, ನಾನು ತಿದ್ದಿಕೊಳ್ಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಕೊನೆಗೆ ಅವನೇ ಸುಮ್ಮನಾದ.

ನನ್ನ ಜೊತೆ ಮಾತಾಡುವ ರೀತಿಯನ್ನೂ ಹೇಳಿಬಿಡುತ್ತೇನೆ. ಕಿವಿ ಹೋದದ್ದು ನಾಲ್ಕನೇ ಕ್ಲಾಸಿನಲ್ಲಿ, ಒಂದು ಜ್ವರಕ್ಕೆ. ಅಷ್ಟರಲ್ಲಿ ಅಕ್ಷರ ಕಲಿತಾಗಿತ್ತು, ಬಾಯಿಗೆ ಮಾತೂ ಕೂತಿತ್ತು. ಕಣ್ಣು ಮಾತ್ರ ಸಾವಕಾಶವಾಗಿ ಹೋಯಿತು. ಮೊದಲು ಸಂಜೆಯ ಹೊತ್ತು ಮಂಜಾಯಿತು, ಆಮೇಲೆ ಪಕ್ಕದಲ್ಲಿ ನಿಂತವರು ಕಾಣದಾದರು, ಮೀಸೆ ದಟ್ಟವಾಗಿ ಬರುವ ಹೊತ್ತಿಗೆ ಎದುರಿಗಿದ್ದವರೂ ಇಲ್ಲವಾದರು. ನಾನು ಬಾಯಲ್ಲಿ ಮಾತಾಡುತ್ತೇನೆ, ಎದುರಿನವರು ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆಯುತ್ತಾರೆ. ನನ್ನ ದನಿ ಜೋರಾದರೆ ತಮ್ಮ ಮಣಿಕಟ್ಟು ಹಿಂಡುತ್ತಾನೆ. ನಮ್ಮವರು ಬಾಯಲ್ಲಿ ಆಡುವ ಹಾಗೆಯೇ ಅಂಗೈಯಲ್ಲೂ ಬರೆಯುತ್ತಾರೆ, ಪುಸ್ತಕದ ಭಾಷೆಗೆ ಯಾರಿಗೂ ಪುರುಸೊತ್ತಿಲ್ಲ. ಒಬ್ಬೊಬ್ಬರ ಬೆರಳು ಒಂದೊಂದು ಥರ. ತಮ್ಮನದು ಕುಕ್ಕುತ್ತದೆ. ಅವನ ಹೆಂಡತಿಯದು ಬಿಸಿ ಪಾತ್ರೆ ಮುಟ್ಟಿದ ಹಾಗೆ ಬೇಗ ಬೇಗ ಎದ್ದುಬಿಡುತ್ತದೆ.

ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ತನ್ನದೇ ಒಂದು ಭಾಷೆ ಮಾಡಿಕೊಂಡಿದ್ದಳು. ನನ್ನ ಮೇಲ್ದುಟಿ ಮುಟ್ಟಿದರೆ ತಮ್ಮ, ಮೂಗು ಮುಟ್ಟಿದರೆ ಅವನ ಹೆಂಡತಿ, ಕಿವಿಯ ಹಾಲೆ ಹಿಡಿದರೆ ಅಕ್ಕ. ಅಕ್ಕ ಚಿಕ್ಕಂದಿನಲ್ಲಿ ಓಲೆಗಾಗಿ ಅತ್ತು ರಂಪ ಮಾಡಿದ್ದಳಂತೆ. ಏನಾದರೂ ಮುಗಿದುಹೋದರೆ ಅಮ್ಮ ನನ್ನ ಅಂಗೈಯನ್ನು ಬೋರಲು ಮಾಡಿ ನೆಲಕ್ಕೆ ಒತ್ತುತ್ತಿದ್ದಳು. ಅಕ್ಕಿ ಮುಗಿದರೂ ಹಾಗೇ, ಸೀಮೆಎಣ್ಣೆ ಮುಗಿದರೂ ಹಾಗೇ. ಅಪ್ಪ ತೀರಿಕೊಂಡಾಗಲೂ ಅವಳು ಮಾಡಿದ್ದು ಅಷ್ಟೇ.

ಇನ್ನು ಅಕ್ಕ. ಕಿವಿ ಹೋದ ಹೊಸದರಲ್ಲಿ ನನ್ನ ಪಕ್ಕ ಮಲಗಿ ಬೆನ್ನ ಮೇಲೆ ಬೆರಳಾಡಿಸಿ ಮೊದಲು ಬರೆದವಳು ಅವಳೇ. ಉಳಿದವರೆಲ್ಲ ಅವಳನ್ನು ನೋಡಿ ಕಲಿತವರು. ಅವಳ ಬೆರಳು ಒಂದಕ್ಷರದಿಂದ ಇನ್ನೊಂದಕ್ಕೆ ಮೇಲೇಳದೆ ಹರಿಯುತ್ತಿತ್ತು. ಮದುವೆಯಾಗಿ ಗುಬ್ಬಿಗೆ ಹೋದ ಮೇಲೂ ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರುತ್ತಿದ್ದಳು. ಭಾವ ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. ಉಳಿದವರೆಲ್ಲ ನನಗೆ ಬೇಕಾದದ್ದನ್ನು ಹೇಳುತ್ತಿದ್ದರು. ಊಟ. ಬಾ. ಹುಷಾರ್, ನೀರಿದೆ. ಅಕ್ಕ ಒಬ್ಬಳು ಬೇಡದ್ದನ್ನೂ ಹೇಳುತ್ತಿದ್ದಳು. ಬಸ್ಸಿನಲ್ಲಿ ಪಕ್ಕ ಕೂತವಳು ಯಾವ ಬಣ್ಣದ ಸೀರೆ ಉಟ್ಟಿದ್ದಳು, ಪಕ್ಕದ ಮನೆಯ ಹುಂಜ ಯಾರ ಮನೆಯ ಅಟ್ಟ ಹತ್ತಿ ಕೂತಿತು, ಭಾವ ಹಲ್ಲುನೋವಿಗೆ ಹೇಗೆ ಮುಖ ಮಾಡುತ್ತಾರೆ. ಆ ಮುಖವನ್ನು ತಾನೇ ಮಾಡಿ ನನ್ನ ಕೈಯನ್ನು ತನ್ನ ಕೆನ್ನೆಯ ಮೇಲಿಟ್ಟುಕೊಂಡು ತೋರಿಸುತ್ತಿದ್ದಳು. ಕೆಲಸಕ್ಕೆ ಬಾರದ ಈ ಸುದ್ದಿಯಲ್ಲೇ ನನಗೆ ಊರು ಇರುತ್ತಿತ್ತು.

ಅಕ್ಕನಿಗೆ ಎಡಗಾಲು ಸ್ವಲ್ಪ ಗಿಡ್ಡ. ಅವಳ ಮದುವೆಗೆ ಹಾಸಿಗೆ ಹೊಲಿದವನು ನಾನು. ಕಾಲು ಚಾಚುವ ಕಡೆ ಎಡಭಾಗಕ್ಕೆ ಹೆಚ್ಚು ಹತ್ತಿ ಕೊಟ್ಟು, ಅದು ಜಾರದ ಹಾಗೆ ಅಲ್ಲಿ ಗಂಟುಗಳನ್ನು ಒತ್ತೊತ್ತಾಗಿ ಹಾಕಿದ್ದೆ. ಹತ್ತಿ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಬಿಚ್ಚಿ ಹಿಂಜಿ ಮತ್ತೆ ತುಂಬಬೇಕು. ಕಳಿಸಿಕೊಡು ಅಂತ ಬಂದಾಗಲೆಲ್ಲ ಹೇಳುತ್ತಿದ್ದೆ.

"ನಾನಿರೋಗಂಟ ಅದನ್ನ ಯಾರೂ ಬಿಚ್ಚಂಗಿಲ್ಲ ಕಣೋ," ಅಂತ ಬರೆಯುತ್ತಿದ್ದಳು. "ಬಿಚ್ಚಿದ್ಮೇಲೆ ನೀನು ಮತ್ತೆ ಅಂಗೇ ಹೊಲಿತೀಯಾ ಅಂತ ಏನ್ ಗ್ಯಾರಂಟಿ?"

ಕೊನೆಯ ಸಲ ಬಂದಾಗ ಅವಳ ಬೆರಳು ಬಿಸಿಯಾಗಿತ್ತು, ಅಕ್ಷರಗಳ ನಡುವೆ ನಿಲ್ಲುತ್ತಿತ್ತು. ಜ್ವರವೇನೇ ಅಂದೆ. "ಬಿಸ್ಲಲ್ಲಿ ಬಂದಿದೀನಿ, ಇನ್ನೇನು ತಣ್ಣಗಿರ್ತೀನಾ," ಅಂತ ಬರೆದಳು.

ಲಾಡ್ಜಿನ ಕೆಲಸ ಶುರುವಾದ ಸ್ವಲ್ಪ ದಿನಕ್ಕೆ ದೇವರಾಯನದುರ್ಗದ ಕಡೆಯಿಂದ ದಿಂಬುಗಳಿಗೆ ಬೂರುಗದ ಹತ್ತಿ ಬಂತು. ಅದು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮೂಟೆ ಬಿಚ್ಚಿ ಬೀಜ ಆರಿಸುತ್ತಾ ಕೂತಿದ್ದೆ. ಅಮ್ಮ ಬಂದು ಎದುರಿಗೆ ಕೂತಳು, ಅವಳ ಮಂಡಿ ನನ್ನ ಮಂಡಿಗೆ ತಾಗಿತು. ನನ್ನ ಕಿವಿಯ ಹಾಲೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು. ಆಮೇಲೆ ನನ್ನ ಕೈ ತೆಗೆದುಕೊಂಡಳು. ಅಷ್ಟರಲ್ಲಿ ಅವಳ ಕೈ ಸರಕ್ಕನೆ ನನ್ನಿಂದ ಹೋಯಿತು, ಯಾರೋ ಎಳೆದ ಹಾಗೆ. ಅಕ್ಕ ಬರುತ್ತಾಳೇನೋ, ನನಗೆ ಮೊದಲೇ ಗೊತ್ತಾಗದಿರಲಿ ಅಂತ ಆಟ ಆಡಿಸುತ್ತಿದ್ದಾರೇನೋ ಅಂದುಕೊಂಡೆ. "ಬರಲಿ ಬುಡು, ಅವಳಿಗೂ ಒಂದು ದಿಂಬು ಮಾಡ್ತೀನಿ," ಅಂದೆ.

ಅವತ್ತು ಮನೆಯ ನೆಲ ಸುಮ್ಮನಾಯಿತು. ಓಡಾಟವಿದ್ದರೆ ನನಗೆ ಅಂಗಾಲಿನಲ್ಲಿ ತಿಳಿಯುತ್ತದೆ. ಊಟ ತಂದಿಟ್ಟದ್ದು ಪಕ್ಕದ ಮನೆಯವರ ಕೈ, ಬಳೆಗಳಿಂದ ಗೊತ್ತಾಯಿತು. ಮಾರನೆಯ ದಿನ ತಮ್ಮ ಬಂದಾಗ ಅವನ ಅಂಗಿಯಲ್ಲಿ ಲೋಬಾನದ ಧೂಪದ ವಾಸನೆಯಿತ್ತು.

"ಎಲ್ಲಿಗೆ ಹೋಗಿದ್ರಿ ಎಲ್ಲಾರೂ?"

"ಕುಣಿಗಲ್," ಅಂತ ಕುಕ್ಕಿದ. "ಲಾಡ್ಜ್ ಕೆಲ್ಸ."

ಲಾಡ್ಜಿನ ಕೆಲಸಕ್ಕೆ ಅಮ್ಮನನ್ನು ಯಾಕೆ ಕರೆದುಕೊಂಡು ಹೋದೆ ಅಂತ ಕೇಳಬೇಕಿತ್ತು. ದರ್ಗಾಕ್ಕೋ ಎಲ್ಲಿಗೋ ಹೋಗಿರಬೇಕು, ನನ್ನನ್ನು ಬಿಟ್ಟುಹೋದದ್ದಕ್ಕೆ ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡೆ. ನನ್ನನ್ನು ಬಿಟ್ಟುಹೋಗುವುದು ಹೊಸದಾಗಿರಲಿಲ್ಲ. ಬಸ್ಸಿನಲ್ಲಿ ಹತ್ತಿಸಬೇಕು, ಇಳಿಸಬೇಕು, ಹೋದ ಕಡೆಯೆಲ್ಲ ಇವನಿಗೆ ಏನಾಗಿದೆ ಅಂತ ಕೇಳುವವರಿಗೆ ಉತ್ತರ ಹೇಳಬೇಕು. ಅದು ನನಗೂ ಗೊತ್ತಿತ್ತು.

ಆಮೇಲೆ ಕೆಲಸದ ಕಷ್ಟಗಳು ಒಂದರ ಹಿಂದೆ ಒಂದು ಬಂದವು. ಅಕಾಲದಲ್ಲಿ ಮಳೆ ಹೊಡೆದು ಹಿತ್ತಿಲಿನಲ್ಲಿ ಹರಡಿದ್ದ ಹತ್ತಿ ನೆನೆಯಿತು. ನೆನೆದದ್ದನ್ನು ಹಿಂಜಲು ಹೋಗಿ ಬಿಲ್ಲಿನ ನರ ಕಿತ್ತು ನನ್ನ ಮೊಣಕೈಗೆ ಬಾರಿಸಿತು. ಹೊಸ ನರ ಹದ ಮಾಡಿ ಬಿಗಿದು ನಡುಕ ಸರಿಯಾಗುವವರೆಗೆ ಕೆಲಸ ನಿಂತಿತು. ಲಾಡ್ಜಿನವರು ತಮ್ಮನ ಬೆನ್ನು ಬಿದ್ದಿದ್ದರು. ಇದರ ನಡುವೆ ನಾನು ಅಕ್ಕನನ್ನು ಕೇಳುತ್ತಲೇ ಇದ್ದೆ. ಈ ತಿಂಗಳು ಯಾಕೆ ಬರಲಿಲ್ಲ ಅಂದರೆ ತಮ್ಮ "ಬರ್ತಾಳೆ" ಅಂತ ಬರೆದ. ಅವನ ಹೆಂಡತಿಯೂ "ಬರ್ತಾಳೆ" ಅಂದಳು. ಎದುರು ಮನೆಯ ಸಾಬರನ್ನು ಕೇಳಿದೆ, ಅವರೂ "ಬರ್ತಾಳೆ" ಅಂತಲೇ ಬರೆದರು. ಅಮ್ಮನನ್ನು ಕೇಳೋಣವೆಂದರೆ ಅವಳು ಹತ್ತಿರ ಬರುವುದನ್ನೇ ಬಿಟ್ಟಿದ್ದಳು. ತಟ್ಟೆ ಇಟ್ಟು ಹೋಗಿಬಿಡುತ್ತಿದ್ದಳು. ಏನೋ ತಪ್ಪು ಮಾಡಿದ್ದೇನೆ, ಅಮ್ಮನಿಗೆ ಕೋಪ ಬಂದಿದೆ ಅಂತ ನನಗೆ ಸಂಕಟವಾಗಿತ್ತು.

ಹತ್ತಿ ಸಾಲದೆ ಬಂದಾಗ ತಮ್ಮ ಹಳೆಯ ಹಾಸಿಗೆಗಳನ್ನು ತರಿಸಿದ. ಹಳೆಯ ಹತ್ತಿಯನ್ನು ಚೆನ್ನಾಗಿ ಹಿಂಜಿ, ಹೊಸದರ ಒಳಗೆ ನಡುಪದರವಾಗಿ ಕೊಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸವೇ. ಹಳೇ ಹತ್ತಿಯ ವ್ಯಾಪಾರಿಯೊಬ್ಬ ಸುತ್ತಲಿನ ಊರುಗಳಿಂದ ಎತ್ತಿಕೊಂಡು ಬಂದ ಹಾಸಿಗೆಗಳನ್ನು ನಮ್ಮ ಪಡಸಾಲೆಯಲ್ಲಿ ಇಳಿಸಿ ಹೋದ. ಅವತ್ತು ತಮ್ಮ ಮೊದಲ ಕಂತಿನ ಹಾಸಿಗೆಗಳನ್ನು ಲಾರಿಗೆ ಹಾಕಿಕೊಂಡು ಕುಣಿಗಲ್ಲಿಗೆ ಹೋಗಿದ್ದ. ಅವನಿದ್ದಿದ್ದರೆ ಗವಸಿನ ಪಟ್ಟೆ ನೋಡಿಯೇ ಗುರುತು ಹಿಡಿದು ಎತ್ತಿಡುತ್ತಿದ್ದ.

ಹಳೆಯ ಹಾಸಿಗೆ ಬಿಚ್ಚುವ ಮುಂಚೆ ಅಂಗೈಯಿಂದ ಒಂದು ಸಲ ಉದ್ದಕ್ಕೂ ಸವರಬೇಕು. ಮುರಿದ ಸೂಜಿ, ಪಿನ್ನು ಇದ್ದರೆ ಸಿಕ್ಕುತ್ತದೆ. ಎಷ್ಟು ಜನ ಮಲಗುತ್ತಿದ್ದರು, ಮಕ್ಕಳು ಉಚ್ಚೆ ಹೊಯ್ದಿವೆಯೋ ಎಲ್ಲವೂ ತಿಳಿಯುತ್ತದೆ. ಒಂದೆರಡು ಬಿಚ್ಚಿ ಮುಂದಿನದನ್ನು ಎಳೆದುಕೊಂಡೆ. ತಲೆಯ ಕಡೆಯಿಂದ ಸವರುತ್ತಾ ಬಂದೆ. ನಡುವಿನಲ್ಲಿ ಸೊಂಟದ ತಗ್ಗು ಒಂದೇ ಪಕ್ಕಕ್ಕಿತ್ತು. ಕಾಲಿನ ಕಡೆ ಕೈ ಹೋದಾಗ ಎಡಭಾಗ ಎತ್ತರವಾಗಿತ್ತು. ಅಲ್ಲಿ ಗಂಟುಗಳು ಒತ್ತೊತ್ತಾಗಿದ್ದವು. ಒಂದನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಎಡಕ್ಕೆ ಸುತ್ತಿಕೊಂಡಿತ್ತು. ಅದರ ಪಕ್ಕದ್ದೂ ಎಡಕ್ಕೆ.

ನನ್ನ ಕೈ ಅಲ್ಲೇ ನಿಂತಿತು. ಯಾರೂ ಏನನ್ನೂ ಬರೆಯಬೇಕಾಗಿರಲಿಲ್ಲ. ತಾನಿರುವವರೆಗೆ ಬಿಚ್ಚಬಾರದು ಅಂದವಳ ಹಾಸಿಗೆ ಬಿಚ್ಚುವವನ ಮುಂದೆ ಬಂದು ಬಿದ್ದಿತ್ತು. ಸತ್ತವರ ಹಾಸಿಗೆಯನ್ನು ನಮ್ಮಲ್ಲಿ ಮನೆಯಲ್ಲಿಟ್ಟುಕೊಳ್ಳುವುದಿಲ್ಲ, ಬಡವರಿಗೆ ಕೊಟ್ಟುಬಿಡುತ್ತಾರೆ. ಕೊಟ್ಟವರು ಭಾವ, ತೆಗೆದುಕೊಂಡವರು ಅದನ್ನು ಮಾರಿದ್ದರು. ಬೂರುಗದ ಹತ್ತಿ, ಲೋಬಾನದ ವಾಸನೆ, ಬರ್ತಾಳೆ, ಬರ್ತಾಳೆ, ಎಲ್ಲವೂ ಒಟ್ಟಿಗೆ ನನ್ನ ಮೇಲೆ ಬಿದ್ದವು.

ಕೂಗಿದೆನೇನೋ, ನನಗೆ ತಿಳಿಯದು. ತಮ್ಮನ ಹೆಂಡತಿ ಓಡಿಬಂದು ನನ್ನ ಬಾಯಿಗೆ ಕೈ ಇಟ್ಟಳು, ಅಂದರೆ ಕೂಗಿರಬೇಕು. ಅವಳ ಕೈ ಹಿಡಿದು ಕಾಲಿನ ಕಡೆಯ ಗಂಟಿನ ಮೇಲಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ.

"ಇದು ಅಕ್ಕನದು," ಅಂದೆ. "ಯಾವಾಗ ಹೋದಳು?"

ಅವಳ ಬೆರಳು ಬಂತು, ಎದ್ದಿತು, ಮತ್ತೆ ಬಂತು. "ಅವ್ರು ಬರ್ಲಿ," ಅಂತಷ್ಟೇ ಬರೆದಳು.

ತಮ್ಮ ಬರುವವರೆಗೆ ಆ ಹಾಸಿಗೆಯ ಮೇಲೆ ಯಾರೂ ಕೈ ಇಡದ ಹಾಗೆ ಅದರ ಮೇಲೆಯೇ ಕೂತಿದ್ದೆ. ಅವನು ಬಂದು ನನ್ನೆದುರು ಕೂತದ್ದು ನೆಲ ಅದುರಿದ್ದರಿಂದ ಗೊತ್ತಾಯಿತು. ನಾನು ಅಂಗೈ ಚಾಚಿದೆ. ಅಂಗೈ ಮೇಲೆ ಅವನ ಕಣ್ಣೀರು ಬಿತ್ತು, ನಾನು ಅದನ್ನು ಒರೆಸಿಕೊಂಡು ಮತ್ತೆ ಚಾಚಿದೆ. ನನಗೆ ಅವನ ಅಳು ಬೇಕಿರಲಿಲ್ಲ.

"ಬೂರುಗದ ಹತ್ತಿ ಬಂದಿತ್ತಲ್ಲ, ಅವತ್ತೇ," ಅಂತ ಕೊನೆಗೆ ಬರೆದ. "ಕಾಮಾಲೆ. ತಲೆಗೇರಿಬುಡ್ತು. ಸಾಯಂಕಾಲನೇ ಮಣ್ಣು ಮಾಡುದ್ರು."

"ಯಾಕೆ ಹೇಳಲಿಲ್ಲ?"

"ಅಪ್ಪ ಹೋದಾಗ ನೀನು ಊಟ ಬುಟ್ಟು ಮಲಗ್ಬುಟ್ಟಿದ್ದೆ. ದೊಡ್ಡೋರೆಲ್ಲ ಬ್ಯಾಡ ಅಂದ್ರು. ಲಾಡ್ಜ್ ಕೆಲ್ಸ ಬೇರೆ ಇತ್ತು, ಸುಳ್ಳು ಯಾಕೆ ಹೇಳ್ಲಿ." ಬೆರಳು ನಿಂತಿತು. ಮತ್ತೆ ಬಂದಾಗ ಕುಕ್ಕುವುದನ್ನು ಮರೆತಿತ್ತು. "ಹೇಳಕ್ಕೂ ಆಗ್ಲಿಲ್ಲ ಕಣಣ್ಣ. ಬಾಯಲ್ಲಾದ್ರೆ ಒಂದೇಟ್ಗೆ ಹೇಳ್ಬುಡಬೋದು. ಒಂದೊಂದೇ ಅಕ್ಷರ ಬರೀಬೇಕಲ್ಲ. ಮೊದಲ್ನೇ ಅಕ್ಷರ ಬರೆದ್ರೆ ಮುಂದಿಂದು ಬರೆಯಕ್ಕಾಗಲ್ಲ ಅನ್ನುಸ್ತು."

ಅದು ನಿಜವೆಂದು ನನಗೂ ಗೊತ್ತಾಯಿತು. ಗೊತ್ತಾದರೂ ಸಿಟ್ಟು ಇಳಿಯಲಿಲ್ಲ. ನಮ್ಮಲ್ಲಿ ಮಣ್ಣು ಮಾಡುವಾಗ ಬಂದವರೆಲ್ಲ ಮೂರು ಹಿಡಿ ಮಣ್ಣು ಕೊಡುತ್ತಾರೆ. ದಾರಿಯಲ್ಲಿ ಹೋಗುವವನೂ ಜೊತೆ ಸೇರಿ ಕೊಟ್ಟು ಹೋಗುತ್ತಾನೆ. ಭಾವನ ಸೈಕಲ್ ಅಂಗಡಿಯ ಗಿರಾಕಿಗಳೆಲ್ಲ ಕೊಟ್ಟಿರುತ್ತಾರೆ. ನಾನು ಅದೇ ಹೊತ್ತಿನಲ್ಲಿ ಬೂರುಗದ ಬೀಜ ಆರಿಸುತ್ತಾ, ಅವಳಿಗೊಂದು ದಿಂಬು ಮಾಡುತ್ತೇನೆಂದು ಕೂತಿದ್ದೆ. ಕಣ್ಣು ಕಿವಿ ಇಲ್ಲದವನಿಗೆ ಉಳಿದಿರುವುದು ಕೈ. ಆ ಕೈಯಿಂದ ಕೊಡಬೇಕಾದದ್ದನ್ನೂ ಇವರು ಕೊಡಿಸಲಿಲ್ಲ.

"ನಾಳೆ ಗುಬ್ಬಿಗೆ ಹೋಗಬೇಕು," ಅಂದೆ.

"ಲಾಡ್ಜ್ ಓಪನಿಂಗ್ ಹತ್ರ ಬಂತು. ಮುಗಿಸ್ಕಂಡು ಹೋಗಣ."

"ಲಾಡ್ಜಿನವರು ಚಾಪೆ ಮೇಲೆ ಮಲಗಲಿ. ಈ ಹಾಸಿಗೆಯ ಒಂದು ಎಳೆ ಹತ್ತಿಯೂ ಅಲ್ಲಿಗೆ ಹೋಗಲ್ಲ. ಗುಬ್ಬಿಗೆ ಹೋಗಿಬರೋವರೆಗೂ ನಾನು ಬಿಲ್ಲು ಮುಟ್ಟಲ್ಲ."

ಅವನು ನನ್ನ ಮಣಿಕಟ್ಟು ಹಿಂಡಿದ. ನಾನು ದನಿ ತಗ್ಗಿಸಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿದೆವು. ತಮ್ಮನ ಭುಜ ಹಿಡಿದುಕೊಂಡು ಕೂತಿದ್ದೆ. ಅಕ್ಕ ಇದೇ ದಾರಿಯಲ್ಲಿ ಬರುತ್ತಿದ್ದಳು, ಇದೇ ಸೀಟಿನ ಕಂಬಿ ಹಿಡಿದಿರುತ್ತಿದ್ದಳು ಅಂತ ಯೋಚಿಸಿದೆ. ಪಕ್ಕ ಕೂತವರ ಸೀರೆಯ ಬಣ್ಣ ಹೇಳುವವರು ಇರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ತಮ್ಮ ಅಂಗೈ ತೆಗೆದುಕೊಂಡ.

"ಕಂಡಕ್ಟ್ರು ಕೇಳ್ತಾವ್ನೆ, ಇವ್ರಿಗೆ ಏನಾಗೈತೆ ಅಂತ."

"ಅಕ್ಕ ಸತ್ತುಹೋದಳು ಅಂತ ಹೇಳು," ಅಂದೆ.

ಇಡೀ ಬಸ್ಸಿಗೆ ಕೇಳಿಸಿರಬೇಕು. ಈ ಸಲ ತಮ್ಮ ಮಣಿಕಟ್ಟು ಹಿಂಡಲಿಲ್ಲ.

ಗುಬ್ಬಿಯಲ್ಲಿ ಭಾವ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡರು. ಅವರ ಕೈಯಲ್ಲಿ ಗ್ರೀಸಿನ ವಾಸನೆ, ಎದೆ ಏಳುತ್ತಿತ್ತು, ಬೀಳುತ್ತಿತ್ತು. ನನ್ನ ಅಂಗೈಯಲ್ಲಿ ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಅಕ್ಕನಿದ್ದಾಗ ಬೇಕಾಗಿಯೇ ಇರಲಿಲ್ಲ. ಅವರು ಹೇಳಿದ್ದನ್ನು ತಮ್ಮ ಬರೆದ. "ಹಾಸಿಗೆ ನೋಡಕ್ಕಾಗ್ದೆ ಕೊಟ್ಬುಟ್ಟೆ. ನಿನ್ ಕೈಗೇ ಬರ್ತದೆ ಅಂತ ಗೊತ್ತಿರ್ಲಿಲ್ಲ ಕಣಪ್ಪ."

"ಬಂದದ್ದು ಒಳ್ಳೇದಾಯ್ತು," ಅಂದೆ. ಅದು ನಿಜವೇ ಆಗಿತ್ತು.

ಖಬರಸ್ತಾನದಲ್ಲಿ ತಮ್ಮ ನನ್ನನ್ನು ಮಂಡಿಯೂರಿಸಿ, ಕೈ ಹಿಡಿದು ಅಕ್ಕನ ಗೋರಿಯ ಮಣ್ಣಿನ ಮೇಲಿಟ್ಟ. ತಲೆಯಿಂದ ಕಾಲಿನವರೆಗೆ ಸವರಿದೆ. ಅವಳ ಗವಸಿಗೆ ಅಳತೆ ತೆಗೆದಿದ್ದವನು ನಾನೇ, ಉದ್ದ ಅಷ್ಟೇ ಇತ್ತು. ನಮ್ಮ ಹತ್ತಿ ನೆನೆಸಿದ ಆ ಮಳೆ ಇಲ್ಲೂ ಬಿದ್ದು, ಬಿಸಿಲು ಕಾಯ್ದು ಮಣ್ಣು ಗಟ್ಟಿಯಾಗಿತ್ತು. ಕಾಲಿನ ಕಡೆ ಬಂದಾಗ ಎರಡೂ ಪಕ್ಕ ಒಂದೇ ಸಮ ಇತ್ತು. ಅವಳ ಗಿಡ್ಡ ಕಾಲಿಗೆ ಇಲ್ಲಿ ಯಾರೂ ಏನೂ ಮಾಡಿರಲಿಲ್ಲ. ಅಲ್ಲಿಯವರೆಗೆ ತಡೆದುಕೊಂಡಿದ್ದವನಿಗೆ ಆಗ ಅಳು ಬಂತು.

ತಮ್ಮ ಎಲ್ಲಿಂದಲೋ ಸಡಿಲ ಮಣ್ಣು ತಂದು ನನ್ನ ಬೊಗಸೆಗೆ ಹಾಕಲು ಬಂದ. ಬೇಡವೆಂದೆ. ಪಕ್ಕದ ನೆಲವನ್ನು ನಾನೇ ಉಗುರಿನಿಂದ ಕೆರೆದು ಮೂರು ಸಲ ಹಿಡಿ ತುಂಬಿಕೊಂಡೆ. ಒಂದು ತಲೆಯ ಕಡೆ ಹಾಕಿದೆ, ಒಂದು ನಡುವಿನಲ್ಲಿ. ಕೊನೆಯದನ್ನು ಕಾಲಿನ ಕಡೆ, ಎಡಭಾಗಕ್ಕೆ ಹಾಕಿ, ಅಂಗೈಯಿಂದ ತಟ್ಟಿ ಕೂಡಿಸಿದೆ. ಹಾಗೆ ಮಾಡಬಹುದೋ ಇಲ್ಲವೋ ನನಗೆ ತಿಳಿಯದು. ಯಾರೂ ತಡೆಯಲಿಲ್ಲ.

ಲಾಡ್ಜಿನ ಕೆಲಸ ತಡವಾಗಿ ಮುಗಿಯಿತು, ತಮ್ಮ ಬೈಸಿಕೊಂಡ, ಆ ಕಡೆಯಿಂದ ಮತ್ತೆ ಕೆಲಸ ಬರಲಿಲ್ಲ. ಅದರ ಬಗ್ಗೆ ನನಗೆ ಬೇಸರವಿಲ್ಲ. ಅಕ್ಕನ ಹಾಸಿಗೆಯನ್ನು ಎಲ್ಲ ಮುಗಿದ ಮೇಲೆ ಒಂದು ದಿನ ಬಿಚ್ಚಿದೆ. ಹತ್ತಿ ಕಲ್ಲಾಗಿತ್ತು. ಸಣ್ಣ ಸಣ್ಣ ತುಂಡು ಮಾಡಿ ಬಿಲ್ಲಿಗೆ ಕೊಟ್ಟೆ. ಮೊದಮೊದಲು ನಡುಕ ಮಂಕಾಗಿತ್ತು, ಹಿಂಜುತ್ತಾ ಹಿಂಜುತ್ತಾ ಚುರುಕಾಯಿತು. ಅವಳು ಅಷ್ಟು ವರ್ಷ ಮಲಗಿದ್ದ ಹತ್ತಿ ಎದೆಯೊಳಗೆ ಸದ್ದು ಮಾಡುತ್ತಿತ್ತು. ಊಟಕ್ಕೆ ಅವತ್ತು ಯಾರೂ ಎಬ್ಬಿಸಲಿಲ್ಲ.

ಆ ಹತ್ತಿಯಿಂದ ಅಮ್ಮನಿಗೆ ಒಂದು ಹಾಸಿಗೆ ಹೊಲಿದೆ. ಊರಿಗೆಲ್ಲ ಹಾಸಿಗೆ ಮಾಡಿಕೊಡುವ ಮನೆಯಲ್ಲಿ ಅವಳು ಹುಟ್ಟಿದಾರಭ್ಯ ಚಾಪೆಯ ಮೇಲೆ ಮಲಗಿದವಳು. ಗಂಟುಗಳನ್ನು ನನ್ನ ರೀತಿಯಲ್ಲೇ ಎಡಕ್ಕೆ ಹಾಕಿ, ಅವಳ ಮೂಲೆಯಲ್ಲಿ ಹಾಸಿ, ಕೈ ಹಿಡಿದು ತಂದು ಕೂಡಿಸಿದೆ. ಅವಳು ಸವರಿ ನೋಡುತ್ತಿದ್ದಳು, ಬಟ್ಟೆ ಎಳೆದಂತಾಗುತ್ತಿತ್ತು. ನಾನು ಎದುರಿಗೆ ಕೂತೆ. ಅವಳ ಮಂಡಿ ನನ್ನ ಮಂಡಿಗೆ ತಾಗಿತು.

ಅಮ್ಮ ನನ್ನ ಕಿವಿಯ ಹಾಲೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ನನ್ನ ಕೈ ತೆಗೆದುಕೊಂಡಳು. ಈ ಸಲ ಅವಳ ಕೈಯನ್ನು ಯಾರೂ ಎಳೆಯಲಿಲ್ಲ. ಎಲ್ಲರೂ ಸುಳ್ಳು ಬರೆಯುವ ಮುಂಚೆ ಅಕ್ಷರ ಬಾರದ ಅವಳೊಬ್ಬಳು ನನಗೆ ಹೇಳಲು ಬಂದಿದ್ದಳು, ಆಮೇಲೆ ಆ ಅರ್ಧ ಮಾತು ಇಟ್ಟುಕೊಂಡು ನನ್ನ ಹತ್ತಿರ ಬರಲಾರದೆ ಹೋಗಿದ್ದಳು. ಅಂಗೈಯನ್ನು ಮೆಲ್ಲಗೆ ಬೋರಲು ಮಾಡಿ, ಅಕ್ಕನ ಹತ್ತಿಯ ಮೇಲೆ ಇಟ್ಟು, ತನ್ನ ಎರಡೂ ಕೈಯಿಂದ ಒತ್ತಿದಳು.